ಹತ್ತನೆಯ ಕಿಲೋ

ತೂಕ ಇಳಿಸುವುದಿದ್ದರೆ ಮನುಷ್ಯ ಗುಟ್ಟಾಗಿ ಇಳಿಸಬೇಕು. ವಿಶ್ವೇಶ್ವರ ಹೆಗಡೆಗೆ ಈ ಮಾತು ಹೇಳುವವರು ಯಾರೂ ಇರಲಿಲ್ಲ. ಇದ್ದರೂ ಕೇಳಿಸುತ್ತಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಆತನೇ ಮಾತಾಡುತ್ತಿದ್ದ.

ಶಿರಸಿಯ ಡಾಕ್ಟರು ಒಂದು ಶನಿವಾರ ಆತನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೊಂಬತ್ತಾರು ಕಿಲೋ ನಾಲ್ಕುನೂರು ಗ್ರಾಂ ಎಂದು ಚೀಟಿಯಲ್ಲಿ ಬರೆದು, "ಹತ್ತು ಕಿಲೋ ಇಳಿಸ್ಬೇಕು ಹೆಗಡೇರೆ. ಆದ್ರೆ ನಿಧಾನಕ್ಕೆ" ಅಂದಿದ್ದರು. ಹೆಗಡೆ ಈ ಮಾತಿನ ಮೊದಲ ಭಾಗವನ್ನು ಜೇಬಿನಲ್ಲಿಟ್ಟುಕೊಂಡು ಎರಡನೆಯ ಭಾಗವನ್ನು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿಯೇ ಬಿಟ್ಟುಬಂದ. ಸೋಮವಾರ ಬೆಳಿಗ್ಗೆ ನಮ್ಮೂರ ಸೊಸೈಟಿಯ ಕಟ್ಟೆಯ ಮೇಲೆ ಹದಿನೈದು ಜನರ ಎದುರು ನಿಂತು ಘೋಷಿಸಿದ:

"ಮೂರು ತಿಂಗಳು. ಹತ್ತು ಕೆಜಿ. ಬರ್ಕಳಿ ಬೇಕಾರೆ."

ತೂಕ ಮಾಡುವ ರಾಘು ನಿಜವಾಗಿಯೂ ಬರೆದುಕೊಂಡ. ಸೊಸೈಟಿಯಲ್ಲಿ ಅಡಿಕೆಯ ದರ ಬರೆಯುವ ಕಪ್ಪು ಹಲಗೆಯೊಂದಿದೆ. ಅದರ ಕೆಳಗಿನ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ 'ವಿ. ಹೆಗಡೆ' ಎಂದು ಬರೆದು ಎದುರಿಗೆ ಜಾಗ ಬಿಟ್ಟ. ಆಮೇಲೆ ಅಡಿಕೆ ಚೀಲ ತೂಗುವ ಯಂತ್ರದ ಮೇಲೆ ಹೆಗಡೆಯನ್ನು ಹತ್ತಿಸಿ, ಅಂಕಿ ನೋಡಿ, ಚೀಟಿ ಬರೆದು, ಹಲಗೆಯ ಮೇಲೆ ತೊಂಬತ್ತೈದು ಕಿಲೋ ನಾಲ್ಕುನೂರು ಗ್ರಾಂ ಎಂದು ದಾಖಲಿಸಿದ.

ಎರಡೇ ದಿನದಲ್ಲಿ ಒಂದು ಕಿಲೋ! ಕಟ್ಟೆಯ ಮೇಲೆ ಹರ್ಷೋದ್ಗಾರವಾಯಿತು. "ಹಿಂಗೇ ಇಳಿದ್ರೆ ದೀಪಾವಳಿಗೆ ನೀ ಕಾಣದೇ ಇಲ್ಲೆ ಮಾರಾಯ" ಎಂದು ಯಾರೋ ಬೆನ್ನು ತಟ್ಟಿದರು. ಹೆಗಡೆ ಆ ದಿನ ಮೂರು ಜನರಿಗೆ ಆಹಾರದ ಬಗ್ಗೆ ಉಪದೇಶ ಮಾಡಿದ.

ಮುಂದಿನ ಸೋಮವಾರ ಮುನ್ನೂರು ಗ್ರಾಂ ಇಳಿಯಿತು. ಅದರ ಮುಂದಿನ ವಾರ ನೂರು. ಅದರಾಚೆ ಹೆಗಡೆಕಟ್ಟಾದಲ್ಲಿ ಒಂದು ಮದುವೆಯಿತ್ತು, ಮುನ್ನೂರು ಏರಿತು. ಮೂರು ತಿಂಗಳು ಕಳೆಯಿತು, ನಾಲ್ಕೂ ಕಳೆಯಿತು. ಬೆಳಿಗ್ಗೆ ಐದೂವರೆಗೆ ಎದ್ದು ಕಾನಸೂರಿನವರೆಗೆ ಮೂರು ಕಿಲೋಮೀಟರು ನಡೆದು, ಮೂರು ಕಿಲೋಮೀಟರು ವಾಪಸು ಬಂದು, ಮಧ್ಯಾಹ್ನ ಒಂದೇ ಸೌಟು ಅನ್ನ ಉಂಡು, ಸಂಜೆಯ ಅವಲಕ್ಕಿಯನ್ನು ಕಣ್ಣಿಂದ ಮಾತ್ರ ನೋಡಿದರೂ ಹಲಗೆಯ ಮೇಲಿನ ಅಂಕಿ ತೊಂಬತ್ತಮೂರು ಕಿಲೋದಲ್ಲಿ ಕೂತುಬಿಟ್ಟಿತು. ಆರು ವಾರ ಕೂತಿತ್ತು. ಊರಿನ ಮಂದಿ ಸೋಮವಾರ ಹಲಗೆ ನೋಡುವುದನ್ನೇ ಬಿಟ್ಟರು. ಅಡಿಕೆಯ ದರವಾದರೂ ಅತ್ತಿತ್ತ ಆಡುತ್ತದೆ, ಇದು ಅದೂ ಇಲ್ಲ.

ಏಳನೆಯ ವಾರ ಹೆಗಡೆ ಚಪ್ಪಲಿ ಹಾಕಿಕೊಳ್ಳದೆ ಜಗುಲಿಯ ಮೇಲೆ ಕೂತು, "ಸಾಕು. ಎಂಗೆ ಇದು ಆಗ್ತಿಲ್ಲೆ" ಅಂದ.

ಒಳಗೆ ಹೆಂಡತಿ ಮಧುರಾ ತೆಂಗಿನಕಾಯಿ ತುರಿಯುತ್ತಲೇ ಇದ್ದಳು. ಮಾತಿಗೆ ಇಳಿದದ್ದು ತಾಯಿ ಗಂಗಕ್ಕ. ಎಪ್ಪತ್ತಾರು ವರ್ಷದ ಗಂಗಕ್ಕನ ತೂಕ ನಲವತ್ತೊಂದು ಕಿಲೋ, ಧ್ವನಿ ಮಾತ್ರ ಬೇರೆ ಯಾರದ್ದೋ ದೊಡ್ಡ ಹೆಂಗಸಿನದು. ಅವಳು ಎದ್ದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀದಾ ಊರ ದೇವಸ್ಥಾನಕ್ಕೆ ಹೋದಳು. ಬೆಳಗಿನ ಪೂಜೆಗೆ ಬಂದಿದ್ದ ಎಂಟು ಜನರಿಗೆ ಕೇಳುವ ಹಾಗೆ ದೇವರ ಜೊತೆ ಮಾತಾಡಿದಳು:

"ನೋಡು, ಯನ್ನ ಮಗನ ತೂಕ ಹತ್ತು ಕೆಜಿ ಇಳಿಯಕ್ಕು. ಇಳಿದ್ರೆ ಅವನಷ್ಟೇ ತೂಕದ ಬೆಲ್ಲ ನಿಂಗೆ ತುಲಾಭಾರ. ಹತ್ತು ಹೇಳಿದ್ರೆ ಹತ್ತು. ಒಂಬತ್ತೂಮುಕ್ಕಾಲು ಅಲ್ಲ."

ಗಂಗಕ್ಕ ಮನೆಗೆ ಬಂದು ಕಾಲು ತೊಳೆಯುವುದರೊಳಗೆ ಸುದ್ದಿ ಕಾನಸೂರು ತಲುಪಿತ್ತು. ತುಲಾಭಾರದ ಬೆಲ್ಲವೆಂದರೆ ಪಾಯಸ. ಎಂಬತ್ತಾರು ಕಿಲೋ ಬೆಲ್ಲವೆಂದರೆ ಎಷ್ಟು ಪಾಯಸ ಎಂಬುದು ನಮ್ಮೂರಿನಲ್ಲಿ ಎರಡನೆಯ ಇಯತ್ತೆಯ ಮಕ್ಕಳಿಗೂ ಗೊತ್ತು. ಅಲ್ಲಿಂದ ಮುಂದೆ ವಿಶ್ವೇಶ್ವರ ಹೆಗಡೆಯ ತೂಕ ಖಾಸಗಿ ಸ್ವತ್ತಾಗಿ ಉಳಿಯಲಿಲ್ಲ.

ಉತ್ಸಾಹ ಬರಲಿಲ್ಲವೆಂದು ಆತ ಮಲಗಿದ್ದರೆ, ಐದೂವರೆಗೆ ಬಾಗಿಲು ಬಡಿಯುವವರಿದ್ದರು. ಕಾನಸೂರಿನ ಹೋಟೆಲಿನಲ್ಲಿ ಬನ್ಸ್ ಕೇಳಿದರೆ, ಗಾಜಿನ ಪೆಟ್ಟಿಗೆಯಲ್ಲಿ ಬನ್ಸ್ ಕಣ್ಣೆದುರಿಗೇ ಇದ್ದರೂ "ಖಾಲಿ" ಎನ್ನುವ ಉತ್ತರ ಬರುತ್ತಿತ್ತು. ಊರ ಬಸ್ಸಿಗೆ ಕೈ ಮಾಡಿದರೆ ಕಂಡಕ್ಟರು ಕಿಟಕಿಯಿಂದ ತಲೆ ಹೊರಹಾಕಿ, "ನಡೀರಿ ಹೆಗಡೇರೆ, ನಿಮ್ಮ ಒಳ್ಳೇದಕ್ಕೇ" ಎಂದು ಶೀಟಿ ಊದುತ್ತಿದ್ದ. ಮದುವೆಮನೆಯಲ್ಲಿ ಬಡಿಸುವವರು ಹೋಳಿಗೆಯ ಬುಟ್ಟಿ ಹಿಡಿದು ಆತನ ಎಲೆಯ ಹತ್ತಿರ ಬಂದೊಡನೆ ಓಡತೊಡಗುತ್ತಿದ್ದರು. ಒಮ್ಮೆ ಆತ ಎಲೆಯಿಂದ ಎದ್ದು ಬುಟ್ಟಿಯ ಹಿಂದೆ ನಾಲ್ಕು ಹೆಜ್ಜೆ ಹಾಕಿದಾಗ, "ಹಾಂ, ಹಿಂಗೇ ಓಡು, ಇಳಿತು" ಎಂದು ಪಂಕ್ತಿಯೇ ಚಪ್ಪಾಳೆ ತಟ್ಟಿತು.

ತೂಕವೂ ಹೆದರಿ ಇಳಿಯತೊಡಗಿತು. ಮುನ್ನೂರು ಗ್ರಾಂ, ಇನ್ನೂರೈವತ್ತು ಗ್ರಾಂ, ಮತ್ತೆ ಮುನ್ನೂರು. ಸೋಮವಾರ ಸೊಸೈಟಿಯ ಮುಂದೆ ಮತ ಎಣಿಕೆಯ ದಿನದ ಹಾಗೆ ಜನ. ರಾಘು ಅಂಕಿ ಬರೆದು ಪಕ್ಕಕ್ಕೆ ಸರಿದೊಡನೆ ಶಿಳ್ಳೆ. ಒಂದು ವಾರ ಐವತ್ತೇ ಗ್ರಾಂ ಇಳಿದಾಗ, "ಐವತ್ತು ಗ್ರಾಂ ಹೇಳಿದ್ರೆ ಸಣ್ಣದಲ್ಲ, ಒಂದು ನಿಂಬೆಹಣ್ಣು!" ಎಂದು ದೇವಸ್ಥಾನ ಕಮಿಟಿಯ ಅಧ್ಯಕ್ಷ ವೆಂಕಟ್ರಮಣ ಒಂದು ನಿಂಬೆಹಣ್ಣನ್ನೇ ಎತ್ತಿ ತೋರಿಸಿ ಎಲ್ಲರನ್ನೂ ಹುರಿದುಂಬಿಸಿದ. ಆತನಿಗೆ ಪಾಯಸ ಪ್ರಾಣ.

ಹನ್ನೊಂದನೆಯ ತಿಂಗಳ ಮೂರನೆಯ ಸೋಮವಾರ ಹಲಗೆಯ ಮೇಲೆ ಎಂಬತ್ತಾರು ಕಿಲೋ ನಾಲ್ಕುನೂರು ಗ್ರಾಂ ಎಂಬ ಅಂಕಿ ಬಂತು. ಡಾಕ್ಟರ ಚೀಟಿಗೆ ಸರಿಯಾಗಿ ಹತ್ತು ಕಿಲೋ ಕಡಿಮೆ. ಯಾರೋ ಗರ್ನಲ್ ಪಟಾಕಿ ಹೊಡೆದರು. ತುಲಾಭಾರ ಗುರುವಾರ ಹನ್ನೊಂದೂವರೆಗೆಂದು ವೆಂಕಟ್ರಮಣ ನಿಂತಲ್ಲಿಯೇ ನಿಗದಿ ಮಾಡಿದ. ಅರ್ಧ ಕಿಲೋದ ಅಚ್ಚು ಬೆಲ್ಲ ನೂರಾ ಎಪ್ಪತ್ತಮೂರು ಬಂತು. ಕೊನೆಯ ಅಚ್ಚಿನ ಮೂಲೆಯಲ್ಲಿ ನೂರು ಗ್ರಾಂ ಕತ್ತರಿಸಿ ಲೆಕ್ಕ ಸರಿಮಾಡಿದರು. ಕತ್ತರಿಸಿದ ಮೂಲೆಯನ್ನು ಅಧ್ಯಕ್ಷ ತಿಂದ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ರಾಘು ಹೆಗಡೆಯ ಮನೆಗೆ ಬಂದ. ಕೈಯಲ್ಲಿ ಸೋಮವಾರದ ತೂಕದ ಚೀಟಿ, ಪ್ಲಾಸ್ಟಿಕ್ ಹೊದಿಸಿದ್ದು. ದೇವಸ್ಥಾನದ ಬಾಗಿಲಲ್ಲಿ ತೂಗುಹಾಕಬೇಕೆಂದು ಹೆಗಡೆಯೇ ಹೇಳಿ ಮಾಡಿಸಿದ್ದ. ಹನ್ನೊಂದು ತಿಂಗಳಿಂದ ಹಲಗೆಯನ್ನಷ್ಟೇ ನೋಡಿದ ಹೆಗಡೆ ಚೀಟಿಯನ್ನು ಕಣ್ಣಿಗೆ ಹಿಡಿದದ್ದು ಇದೇ ಮೊದಲು. ಅದರಲ್ಲಿ ಮೂರು ಸಾಲುಗಳಿದ್ದವು.

ಒಟ್ಟು: 87.400
ಚೀಲ: 1.000
ನಿವ್ವಳ: 86.400

ಹೆಗಡೆ ಮೂರು ಸಲ ಓದಿದ. ಆಮೇಲೆ ಬಹಳ ಮೆತ್ತಗೆ ಕೇಳಿದ:

"ರಾಘು, ಇದು ಯಾವ ಚೀಲ?"

"ಗೋಣಿಚೀಲ ಹೆಗಡೇರೆ. ಚೀಲದ ತೂಕ ಕಳೀದೆ ನಿವ್ವಳ ಹೆಂಗೆ ಬರ್ಯದು? ಎಲ್ರಿಗೂ ಒಂದು ಕೆಜಿ ಕಳೀತೀವಿ."

"ನಾನು ಚೀಲದ ಒಳಗೆ ಇದ್ನೇನೋ?"

ರಾಘು ಬಗ್ಗಿ ಚೀಟಿ ನೋಡಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಯಂತ್ರದ ಮೇಲೆ ಚೀಲವಿಲ್ಲದೆ ಏನೂ ಕೂತಿರಲಿಲ್ಲ.

"ಕೈಗೆ ಗೊತ್ತಾಗ್ತದ ಹೆಗಡೇರೆ ಅದೆಲ್ಲ? ಅದರಷ್ಟಕ್ಕೆ ಅದು ಬರೀತದೆ."

"ಹಂಗಾರೆ ಮೊದಲನೇ ಸೋಮವಾರದಿಂದ…"

"ಪ್ರತಿ ಸೋಮವಾರನೂ ಕಳ್ದೀನಿ. ಒಂದು ಸಲನೂ ತಪ್ಸಿಲ್ಲ" ಎಂದ ರಾಘು. ಆ ಧ್ವನಿಯಲ್ಲಿ ಕಸುಬಿನ ಅಭಿಮಾನ ಇನ್ನೂ ಸ್ವಲ್ಪ ಉಳಿದಿತ್ತು.

ಎರಡೇ ದಿನದಲ್ಲಿ ಇಳಿದ ಆ ಮೊದಲನೆಯ ಕಿಲೋ ಒಂದು ಗೋಣಿಚೀಲವಾಗಿತ್ತು. ಹನ್ನೊಂದು ತಿಂಗಳಲ್ಲಿ ಹೆಗಡೆ ಇಳಿಸಿದ್ದು ಒಂಬತ್ತೇ ಕಿಲೋ. ತಾಯಿ ದೇವರಿಗೆ ಹೇಳಿದ್ದು ಹತ್ತು. ನಾಳೆ ಹನ್ನೊಂದೂವರೆಗೆ ಐನೂರು ಜನರೆದುರು ಒಂದು ಕಡೆ ಎಂಬತ್ತಾರೂವರೆಗಿಂತ ನೂರು ಗ್ರಾಂ ಕಡಿಮೆ ಬೆಲ್ಲ, ಇನ್ನೊಂದು ಕಡೆ ತಾನು. ತಕ್ಕಡಿಗೆ ಸೊಸೈಟಿಯ ಪದ್ಧತಿ ತಿಳಿದಿಲ್ಲ.

"ಯಾರ ಹತ್ರನೂ ಬಾಯಿ ಬಿಡಬೇಡ" ಎಂದು ರಾಘುವನ್ನು ಕಳಿಸಿ, ಹೆಗಡೆ ತಿಂಡಿ ಬೇಡವೆಂದ, ಚಾ ಬೇಡವೆಂದ, ನೀರೂ ಬೇಡವೆಂದ. ಭಾರವೆಂದು ಮೊಬೈಲನ್ನು ಜಗುಲಿಯ ಮೇಲಿಟ್ಟ. ಇಪ್ಪತ್ತಾರು ತಾಸಿನಲ್ಲಿ ಒಂದು ಕಿಲೋ ಬೆವರಾಗಿ ಹೋಗಬೇಕೆಂದು ಕಾನಸೂರು ದಾಟಿ, ಕೋಲಸಿರ್ಸಿ ದಾಟಿ, ಸಿದ್ದಾಪುರದವರೆಗೆ ನಡೆದ. ಪೇಟೆಯಲ್ಲಿ ಸುಭಾಷನ ಸಲೂನಿನ ಕನ್ನಡಿ ಕಂಡಿತು. ಕನ್ನಡಿಯಲ್ಲಿ ತನ್ನ ದಟ್ಟ ಕೂದಲು ಕಂಡಿತು. ಅದರ ಕೆಳಗೆ ಅಷ್ಟೇ ದಟ್ಟವಾದ ಮೀಸೆ.

"ತಲೆ ಪೂರ್ತಿ ತೆಗೆದುಬಿಡು" ಎಂದು ಕುರ್ಚಿಯ ಮೇಲೆ ಕೂತ. "ಮೀಸೆನೂ."

ಸುಭಾಷ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು, ಮೊದಲು ಹೋಗಿ ರೇಡಿಯೋ ಬಂದ್ ಮಾಡಿದ. ಈ ಸೀಮೆಯ ಗಂಡಸು ತಲೆಯ ಜೊತೆಗೆ ಮೀಸೆಯನ್ನೂ ತೆಗೆಸುವುದು ಅಪ್ಪಯ್ಯನೋ ಆಯಿಯೋ ತೀರಿಕೊಂಡಾಗ ಮಾತ್ರ. ಅಂಥ ಹೊತ್ತಿನಲ್ಲಿ ಯಾರು, ಯಾವಾಗ ಎಂದು ಕೇಳುವಷ್ಟು ಅವಿವೇಕಿ ಸುಭಾಷನಲ್ಲ. ಸಾಲಿನಲ್ಲಿ ಕಾಯುತ್ತಿದ್ದ ಇಬ್ಬರು ಪೇಪರು ಮಡಚಿಟ್ಟು ತಲೆ ತಗ್ಗಿಸಿದರು.

ಕೆಲಸ ಮುಗಿದ ಮೇಲೆ ಹೆಗಡೆ ಬಗ್ಗಿ, ನೆಲದ ಮೇಲಿನ ಕೂದಲನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ, "ಸುಭಾಷ, ಇದು ಎಷ್ಟು ತೂಗಬಹುದು?" ಎಂದು ಕೇಳಿದ.

ಸುಭಾಷನ ಕಣ್ಣು ತುಂಬಿತು. ದುಃಖ ತಲೆಗೇರಿದವರನ್ನು ಆತ ಮೊದಲೂ ನೋಡಿದ್ದ. ದುಡ್ಡು ತೆಗೆದುಕೊಳ್ಳದೆ ಬಾಗಿಲವರೆಗೆ ಕೈಹಿಡಿದು ಬಂದ.

ವಾಪಸು ನಡೆಯುವ ತ್ರಾಣವಿರಲಿಲ್ಲ, ಬಸ್ಸು ಹತ್ತಿದ. ಹತ್ತಿದೊಡನೆ ಬಸ್ಸು ಮೌನವಾಯಿತು. ಇಬ್ಬರು ಎದ್ದು ಜಾಗ ಬಿಟ್ಟುಕೊಟ್ಟರು. ಸದಾ ಶೀಟಿ ಊದಿ ಓಡುವ ಕಂಡಕ್ಟರು ಇಂದು ಟಿಕೇಟು ಹರಿದುಕೊಟ್ಟು ಭುಜ ಮುಟ್ಟಿದ. ತೂಕ ಇಳಿದವನನ್ನು ಸಮಾಜ ಹೇಗೆ ಗೌರವಿಸುತ್ತದೆ ನೋಡಿ ಎಂದುಕೊಂಡ ಹೆಗಡೆ, ಕುಳಿತವರಿಗೆಲ್ಲ ಗಂಭೀರವಾಗಿ ತಲೆದೂಗಿದ. ಎದುರು ಸೀಟಿನಲ್ಲಿದ್ದ ನಮ್ಮೂರ ಕೆರಿಯ ನಾಯ್ಕ ನೀರಿನ ಬಾಟಲಿ ಮುಂದೆ ಹಿಡಿದ. ಹೆಗಡೆ ಕಣ್ಣುಮುಚ್ಚಿ ಬೇಡವೆಂದು ಕೈಯಾಡಿಸಿದ. ನೀರನ್ನೂ ಮುಟ್ಟದ ಬೋಳುತಲೆಯ ಮಗ! ಕೆರಿಯನಿಗೆ ಇನ್ನು ಕೇಳುವುದೇನೂ ಉಳಿಯಲಿಲ್ಲ. ಹೆಗಡೆಯ ಅಪ್ಪ ಹೋಗಿ ಎಂಟು ವರ್ಷವಾಯಿತು. ಉಳಿದವಳು ಗಂಗಕ್ಕ ಒಬ್ಬಳೇ.

ಕೆರಿಯ ಬಸ್ಸಿಳಿದು ವೆಂಕಟ್ರಮಣನಿಗೆ ಫೋನು ಮಾಡಿದ. ವೆಂಕಟ್ರಮಣ ಊರಿನ ವಾಟ್ಸಪ್ ಗುಂಪಿನ ಅಡ್ಮಿನ್ನೂ ಹೌದು. ಕಳೆದ ವರ್ಷ ಗಂಗಕ್ಕನಿಗೆ ಎಪ್ಪತ್ತೈದು ತುಂಬಿದಾಗ ತೆಗೆದ ಫೋಟೋ ಹಾಕಿ, ಕೆಳಗೆ 'ಓಂ ಶಾಂತಿ' ಎಂದು ಬರೆದ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಫೋಟೋ ಮಾತ್ರ ನೋಡುವ ಅಭ್ಯಾಸದ ತುಷಾರ ಎಂಬವನು 'ಹುಟ್ಟುಹಬ್ಬದ ಶುಭಾಶಯ, ನೂರ್ಕಾಲ ಬಾಳಿ' ಎಂದು ಹಾಕಿ, ನಾಲ್ಕು ನಿಮಿಷದ ಮೇಲೆ ಅಳಿಸಿದ. ಸಾವಿನ ಸೂತಕದಲ್ಲಿ ತುಲಾಭಾರವಾಗುವುದಿಲ್ಲ. ವೆಂಕಟ್ರಮಣ ಅಡುಗೆಭಟ್ಟರಿಗೆ ಬರಬೇಡಿ ಎಂದು ಫೋನು ಮಾಡಿ, ಬೆಲ್ಲದ ರಾಶಿಯ ಮೇಲೆ ಬಟ್ಟೆ ಹೊದಿಸಿದ. ಆತನ ಕಣ್ಣಲ್ಲಿ ನಿಜವಾದ ನೀರಿತ್ತು.

ಅತ್ತ ಜಗುಲಿಯ ಮೇಲಿದ್ದ ಹೆಗಡೆಯ ಮೊಬೈಲು ಬಡಿದುಕೊಳ್ಳತೊಡಗಿತು. ಗಂಗಕ್ಕ ಎತ್ತಿದಳು. ಆಚೆಯಿಂದ ಒಂದು ಹೆಣ್ಣು ದನಿ ಬಿಕ್ಕುತ್ತಿತ್ತು.

"ಅಳಡ ಮಾರಾಯ್ತಿ, ಸಮಾಧಾನ ಮಾಡ್ಕ. ಯಾರಿಗೆ ಎಂತಾತು?"

"ಯಾರು ಮಾತಾಡ್ತಾ ಇಪ್ಪದು?"

"ಆನು ಗಂಗಾ. ವಿಶ್ವನ ಆಯಿ."

ಆಚೆ ಏನೋ ಬಿದ್ದ ಸದ್ದಾಯಿತು. ಹೀಗೆ ಐದು ಫೋನು. ಆರನೆಯದಕ್ಕೆ ಗಂಗಕ್ಕ, "ಸುಳ್ಳೇ ಫೋನ್ ಮಾಡಿ ಅಳಕಾದ್ರೆ ಬೇರೆ ಮನೆ ನೋಡ್ಕಳಿ" ಎಂದು ಬೈದು ಇಟ್ಟಳು.

ಅಷ್ಟರಲ್ಲಿ ವೆಂಕಟ್ರಮಣ ಅಂಗಳಕ್ಕೆ ಬಂದ. ಮುಖ ನೆಲ ನೋಡುತ್ತಿತ್ತು. ಮೆಟ್ಟಿಲ ಹತ್ತಿರ ಬಂದು ತಲೆ ಎತ್ತಿದರೆ ಗಂಗಕ್ಕ ಮಣೆಯ ಮೇಲೆ ಕೂತು ಮೊಗೆಕಾಯಿ ಹೆಚ್ಚುತ್ತಿದ್ದಾಳೆ.

"ಬಾ ವೆಂಕಟ್ರಮಣ. ಎಂತಕ್ಕೆ ನಿಂತ್ಗಂಡೆ, ಕೂತ್ಗ. ಎಂತ ಕುಡಿತ್ಯ?"

"ಎಂತೂ ಬ್ಯಾಡ ಗಂಗತ್ತೆ" ಎಂದ ಅಧ್ಯಕ್ಷ, ಬಾಯಿಗೆ ಬಂದದ್ದನ್ನು ತಡೆಯಲಾರದೆ. "ಈ ಮನೇಲಿ ಹನ್ನೆರಡು ದಿನ ಎಂತೂ ತಗಂಬಲೆ ಬತ್ತಿಲ್ಲೆ."

"ಎಂತಕ್ಕೆ?"

"ನೀನು ತೀರ್ಕಂಡೆ ಹೇಳಿ ಗ್ರೂಪಲ್ಲಿ ಬಂಜು."

ಗಂಗಕ್ಕ ಕತ್ತಿ ಕೆಳಗಿಟ್ಟಳು.

"ಯಾವಾಗಡ?"

"ಇಂದು ಬೆಳಿಗ್ಗೆಯಡ."

"ಬೆಳಿಗ್ಗೆ ಆನು ತೆಳ್ಳೇವು ದೋಸೆ ಎರೀತಾ ಇದ್ದಿದ್ದೆ. ಯಾರೋ ಹಾಕಿದ್ದು ಅದನ್ನ? ಅಡ್ಮಿನ್ ಯಾರು, ಅವನ್ನ ಕರಿ."

"ಅಡ್ಮಿನ್… ಆನೇ ಅತ್ತೆ."

"ಮತ್ತೆ ನಿಂತ್ಗಂಡು ಎಂತ ನೋಡ್ತೆ? ತೆಗಿ."

ತೆಗೆಯುವುದು ಸುಲಭ. ಆದರೆ ಹೊರಟುಬಿಟ್ಟವರನ್ನು ಯಾರು ತಡೆಯುತ್ತಾರೆ? ನಾಲ್ಕು ಗಂಟೆಗೆ ಅಂಗಳದಲ್ಲಿ ನಲವತ್ತು ಜನರಿದ್ದರು. ಬಂದವರು ಅಳುವ ಮುಖ ಹೊತ್ತು ಬೇಲಿ ದಾಟುವುದು, ಗಂಗಕ್ಕನನ್ನು ನೋಡಿ ಹೌಹಾರುವುದು, ಆಮೇಲೆ ಬಂದ ತಪ್ಪಿಗೆ ಚಾ ಕುಡಿಯುವುದು. ಮಧುರಾ ಒಲೆಯ ಮೇಲಿಂದ ಪಾತ್ರೆ ಇಳಿಸಲೇ ಇಲ್ಲ. ನಾಲ್ಕೂವರೆಗೆ ಯಲ್ಲಾಪುರದಿಂದ ಗಂಗಕ್ಕನ ಮಗಳು ಜಾಹ್ನವಿಯ ಕಾರು ಬಂತು. "ಆಯೀ…" ಎಂದು ಕೂಗುತ್ತ ಇಳಿದವಳು, ಎದುರಿಗೆ ಆಯಿಯೇ ನಿಂತದ್ದನ್ನು ನೋಡಿ ಮೆಟ್ಟಿಲ ಮೇಲೆ ಕುಸಿದಳು.

"ಬಂದ್ಯಾ?" ಎಂದಳು ಗಂಗಕ್ಕ. "ನಾಳೆ ಬತ್ಯ ಹೇಳಿ ಮಾಡಿದ್ದೆ."

ಜಾಹ್ನವಿಗೆ ಅಳು ಸಿಟ್ಟಾಗಿ ತಿರುಗಿತು. "ಎಂಗ ಒಂದು ಗುಟುಕು ನೀರು ಕುಡೀದೆ ಕಾರು ಹೊಡ್ಕಂಡು ಬಂದ್ಯ! ನೀ ಇಲ್ಲಿ ಆರಾಮ ಕೂತ್ಗಂಜೆ!"

"ಸಾಯದೇ ಇದ್ದಿದ್ದಕ್ಕೆ ಬೈತ್ಯನೇ?"

ಈ ಸುದ್ದಿಯ ಬೇರು ಎಲ್ಲಿ ಎಂದು ವಿಚಾರಣೆ ನಡೆಯಿತು. ವೆಂಕಟ್ರಮಣ ಕೆರಿಯನನ್ನು ತೋರಿಸಿದ. ಕೆರಿಯ, "ನಾ ಸುಳ್ಳು ಹೇಳಿಲ್ರಾ, ಈ ಕಣ್ಣಾಗೇ ನೋಡಿದ್ದು. ತಲೆ ಇಲ್ಲ, ಮೀಸೆ ಇಲ್ಲ, ನೀರೂ ಮುಟ್ಲಿಲ್ಲ. ಮತ್ತೆಂತ ತಿಳ್ಕಳದು?" ಎಂದು ಬೇಲಿಯ ಕಡೆ ಕೈ ತೋರಿಸಿದ.

ಬೇಲಿ ದಾಟಿ ವಿಶ್ವೇಶ್ವರ ಹೆಗಡೆ ಬರುತ್ತಿದ್ದ. ಬಸ್ಸಿಳಿದ ಮೇಲೆ ಕೆರೆಯ ಏರಿಯನ್ನು ಹನ್ನೊಂದು ಸುತ್ತು ಹಾಕಿ ಇನ್ನಷ್ಟು ಬೆವರು ಸುರಿಸಿದ್ದ. ಅಂಗಳದಲ್ಲಿ ನಲವತ್ತು ಜನ, ತಂಗಿಯ ಕಾರು! ಎಲ್ಲರೂ ನಾಳೆಯ ಶುಭಾಶಯ ಹೇಳಲು ಬಂದಿದ್ದಾರೆಂದು ತಿಳಿದು, ಬೋಳುತಲೆಯನ್ನು ಬಾಗಿಸಿ ಕೈಮುಗಿದ.

"ವಿಶ್ವಾ!" ಗಂಗಕ್ಕನ ಕೂಗಿಗೆ ಕಾರಿನ ಗಾಜು ನಡುಗಿತು. "ಆನು ಜೀವಂತ ಇಪ್ಪಕಾದ್ರೇ ಮೀಸೆ ಬೋಳಿಸ್ಕಂಡ್ಯನೋ? ಎಂತಾತು ನಿಂಗೆ?"

ಹೆಗಡೆ ಮೂಗಿನ ಕೆಳಗೆ ಕೈಯಿಟ್ಟು ನೋಡಿಕೊಂಡ. ತಾನು ಏನು ಮಾಡಿಕೊಂಡೆನೆಂಬುದು ಆಗ ಹೊಳೆಯಿತು. ಎದುರಿಗೆ ತಾಯಿ, ಹಿಂದೆ ಅಧ್ಯಕ್ಷ, ಅವರಾಚೆ ಗೋಡೆಯ ಮರೆಯಲ್ಲಿ ಬಿಳಿಚಿಕೊಂಡ ರಾಘು.

"ಅದು… ಮುಡಿ, ಆಯಿ" ಎಂದ. "ದೇವರಿಗೆ ಕೊಟ್ಟಿದ್ದು."

"ಮೀಸೆನೂವ?"

"ಅದೂ… ಜತಿಗೆ ಇರ್ಲಿ ಹೇಳಿ."

ವೆಂಕಟ್ರಮಣ ಎರಡೂ ಕೈ ಎತ್ತಿ ಮುಗಿದ. "ಭಕ್ತಿ ಹೇಳಿದ್ರೆ ಇದು!" ಎಂದ. ಹೆಂಗಸರು ಕಣ್ಣೊರೆಸಿಕೊಂಡರು, ಅಳಲೆಂದೇ ಬಂದವರಾದ್ದರಿಂದ ತಡವಾಗಲಿಲ್ಲ. ಅಡುಗೆಭಟ್ಟರಿಗೆ ಮತ್ತೆ ಫೋನು ಹೋಯಿತು: ಐನೂರಲ್ಲ, ಏಳುನೂರು ಎಲೆ. ಅಳಲು ಬಂದವರೆಲ್ಲ ಉಣ್ಣಲು ಉಳಿಯುತ್ತಾರೆ.

"ಈಗ ಬಾ, ಎಲ್ಲರ ಎದುರಿಗೆ ಕೂತು ಉಣ್ಣು" ಎಂದಳು ಗಂಗಕ್ಕ.

"ಎಂಗೆ ಹಸಿವಿಲ್ಲೆ ಆಯಿ."

"ನೀ ಉಪವಾಸ ಕೂತ್ರೆ ಜನ ಮತ್ತೆ ಆನು ಸತ್ತೆ ಹೇಳಿ ತಿಳ್ಕತ್ತ. ಉಣ್ಣು!"

ತಾಯಿ ಬದುಕಿದ್ದಾಳೆಂಬುದಕ್ಕೆ ಸಾಕ್ಷಿಯಾಗಿ ಹೆಗಡೆ ನಲವತ್ತು ಜನರೆದುರು ಕೂತು ನಾಲ್ಕು ಸೌಟು ಅನ್ನ ಉಂಡ. ಮೊಗೆಕಾಯಿ ಹುಳಿ ಎರಡು ಸಲ. ಮಜ್ಜಿಗೆ ಒಂದು ಚೊಂಬು. ಸಂಶಯಪಡುವವರು ಯಾರಾದರೂ ಉಳಿದಿರಬಹುದೆಂದು ಜಾಹ್ನವಿ ಒಳಗಿಂದ ತಂದ ಬಾಳೆಹಣ್ಣನ್ನೂ ತಿನ್ನಿಸಿದರು. ಸಿದ್ದಾಪುರದವರೆಗೆ ಹರಿಸಿದ ಬೆವರೆಲ್ಲ ಹೊಟ್ಟೆಗೆ ಮರಳಿತು.

ಗುರುವಾರ ದೇವಸ್ಥಾನದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಲ್ಲದ ಅಚ್ಚುಗಳು ಒಂದು ತಟ್ಟೆಯಲ್ಲಿ ಗೋಪುರದ ಹಾಗೆ ನಿಂತಿದ್ದವು. ಬೋಳುತಲೆಯ ಹೆಗಡೆಯನ್ನು ಇನ್ನೊಂದು ತಟ್ಟೆಯಲ್ಲಿ ಕೂರಿಸಿದರು. ವೆಂಕಟ್ರಮಣ ಮೈಕು ಹಿಡಿದು, "ಹನ್ನೊಂದು ತಿಂಗಳ ಕಠಿಣ ಸಾಧನೆ! ಸರಿಯಾಗಿ ಹತ್ತು ಕಿಲೋ! ಮೇಲಿಂದ ಮುಡಿ, ಮೇಲಿಂದ ಮೀಸೆ!" ಎಂದು ಕೂಗಿದ. ಆಧಾರಕ್ಕಿಟ್ಟ ಮಣೆ ತೆಗೆದರು.

ಹೆಗಡೆ ದಡಕ್ಕನೆ ಕೆಳಗಿಳಿದು ನೆಲಕ್ಕೆ ತಾಗಿದ. ಬೆಲ್ಲ ಮೇಲೆ ತೂಗಾಡುತ್ತಿತ್ತು.

ಹೆಗಡೆ ಕಣ್ಣು ಮುಚ್ಚಿದ. ಕಂಬದ ಹಿಂದೆ ರಾಘುವೂ ಮುಚ್ಚಿದ.

ಪೂಜೆಯ ಭಟ್ಟರು ತಲೆಯನ್ನೂ ಎತ್ತದೆ, "ಎರಡು ಅಚ್ಚು ತಂದು ಹಾಕಿ" ಎಂದರು.

ಎರಡು ಅಚ್ಚು ಹಾಕಿದರು. ತಟ್ಟೆಗಳು ಸಮವಾದವು. ಅಷ್ಟೇ. ತುಲಾಭಾರದಲ್ಲಿ ಕಡಿಮೆ ಬಿದ್ದರೆ ಇನ್ನಷ್ಟು ಹಾಕುತ್ತಾರೆ. ಇದು ನಮ್ಮೂರಿನ ಆಕಳಿಗೂ ತಿಳಿದ ಸಂಗತಿ, ಹೆಗಡೆಯೊಬ್ಬನಿಗೆ ಒಂದು ದಿನದ ಮಟ್ಟಿಗೆ ಮರೆತಿತ್ತು. ಯಾರೂ ಯಾಕೆಂದು ಕೇಳಲಿಲ್ಲ. ಗಂಟೆ ಬಾರಿಸಿದರು, ಶಂಖ ಊದಿದರು, ಏಳುನೂರು ಜನ ಚಪ್ಪಾಳೆ ತಟ್ಟಿದರು. ಕೂದಲು, ಮೀಸೆ, ಇಪ್ಪತ್ತು ಕಿಲೋಮೀಟರಿನ ದಾರಿ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಹೆಗಡೆ ಗೆದ್ದಿದ್ದ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಆಗ ಗಂಗಕ್ಕ ಮುಂದೆ ಬಂದು ಗರ್ಭಗುಡಿಯ ಕಡೆ ಕೈಮುಗಿದಳು. "ಹತ್ತು ಹೇಳಿದ್ದೆ, ಹತ್ತು ಮಾಡಿಕೊಟ್ಟೆ. ನಿನ್ನ ಲೆಕ್ಕ ಸರಿ ಇದ್ದು ಮಾರಾಯ. ಯನ್ನದೂ ಇಂದಿಗೆ ಸರಿಯಾತು." ಧ್ವನಿ ಸಣ್ಣದಾಗಿತ್ತು. ಯಾವತ್ತೂ ಸಣ್ಣದಾಗದ ಧ್ವನಿ.

"ಆಯಿ" ಎಂದ ಹೆಗಡೆ. ವೆಂಕಟ್ರಮಣ ಮರೆತು ಅವನ ಮುಖಕ್ಕೆ ಹಿಡಿದಿದ್ದ ಮೈಕಿನಲ್ಲಿ ಅದು ಅಂಗಳಕ್ಕೆಲ್ಲ ಕೇಳಿತು. "ಹತ್ತು ಆಜಿಲ್ಲೆ. ಒಂಬತ್ತೇ. ರಾಘು ಗೋಣಿಚೀಲದ ತೂಕ ಕಳೆದಿದ್ದ."

ಎಲ್ಲ ತಲೆಗಳೂ ರಾಘುವಿನ ಕಡೆ ತಿರುಗಿದವು. ರಾಘು ಕಂಬವನ್ನು ಅಪ್ಪಿಕೊಂಡ.

"ಒಂಬತ್ತ, ಹತ್ತ? ಸರಿ ಹೇಳು" ಎಂದಳು ಗಂಗಕ್ಕ.

"ಒಂಬತ್ತು."

"ಹಂಗಾರೆ ಇಳಿ."

"ಗಂಗತ್ತೆ!" ವೆಂಕಟ್ರಮಣ ಮೈಕಿನಲ್ಲಿಯೇ ಕಿರುಚಿದ. "ಏಳ್ನೂರು ಜನ ಬಂದು ಕೂತಿದ್ದ!"

"ಆನು ಹೇಳ್ಕಂಡಿದ್ದು ದೇವರ ಹತ್ರ, ಏಳ್ನೂರು ಜನರ ಹತ್ರ ಅಲ್ಲ. ಇಳಿಯೋ ವಿಶ್ವ."

ಹೆಗಡೆ ಇಳಿದ. ಬೆಲ್ಲದ ತಟ್ಟೆ ಧೊಪ್ಪನೆ ನೆಲಕ್ಕೆ ಬಿತ್ತು. ಪಾಯಸದ ಕಡಾಯಿಯ ಹತ್ತಿರ ಅಡುಗೆಭಟ್ಟರು ಸೌಟು ಎತ್ತಿ ಹಿಡಿದವರು ಹಾಗೆಯೇ ನಿಂತಿದ್ದರು. ವೆಂಕಟ್ರಮಣ ಕೇಳಿದ:

"ಮತ್ತೆ… ಬೆಲ್ಲ?"

"ದೇವರೆದುರಿಗೆ ತಂದಿದ್ದು ಮನೆಗೆ ವಾಪಸ್ ಹೋಗ್ತಿಲ್ಲೆ. ಪಾಯಸ ಮಾಡಿ, ಎಲ್ಲರೂ ಉಣ್ಣಿ. ಇವನ ಹತ್ತು ಪೂರ್ತಿ ಆದ ದಿನ ಮತ್ತೆ ಹೊಸ ಬೆಲ್ಲ ತಂದು ತುಲಾಭಾರ ಮಾಡ್ತೆ."

ಲೆಕ್ಕ ಹಾಕಲು ಊರಿಗೆ ಎರಡು ಕ್ಷಣ ಹಿಡಿಯಿತು. ಒಂದು ಹರಕೆಗೆ ಎರಡು ಪಾಯಸ! ಆಮೇಲೆ ಎದ್ದ ಆರ್ಭಟಕ್ಕೆ ಮಾಡಿನ ಪಾರಿವಾಳಗಳು ಹಾರಿದವು. ಕೆರಿಯ ಕುಣಿದ. ರಾಘುವನ್ನು ಇಬ್ಬರು ಹೆಗಲ ಮೇಲೆ ಎತ್ತಿಕೊಂಡರು. ಆ ಒಂದು ಗೋಣಿಚೀಲವಿಲ್ಲದಿದ್ದರೆ ಎರಡನೆಯ ಪಾಯಸ ಎಲ್ಲಿತ್ತು? ವೆಂಕಟ್ರಮಣ ಹೆಗಡೆಯನ್ನು ತಬ್ಬಿಕೊಂಡು, "ಸತ್ಯವಂತ! ಒಂದೇ ಕೆಜಿ ಮಾರಾಯ, ಎಂಗ ಎಲ್ಲ ಇದ್ಯ ನಿನ್ನ ಜತಿಗೆ!" ಎಂದು ಕಿವಿಯಲ್ಲಿ ಕೂಗಿದ.

"ಮತ್ತೊಂದು" ಎಂದಳು ಗಂಗಕ್ಕ ಬಡಿಸುವವರ ಕಡೆ ತಿರುಗಿ. "ಇವಂಗೆ ಮಾತ್ರ ಪಾಯಸ ಬ್ಯಾಡ, ಬಡಿಸಡಿ."

ಪಂಕ್ತಿಯ ತುದಿಯಲ್ಲಿ ಹೆಗಡೆ ಕೂತ. ಎಲೆಯ ಮೇಲೆ ಸೌತೆಕಾಯಿ ಕೋಸಂಬರಿ, ಒಂದು ಸೌಟು ಅನ್ನ, ಪಕ್ಕದಲ್ಲಿ ಮಜ್ಜಿಗೆ. ಅವನ ತೂಕದ ಬೆಲ್ಲದ ಪಾಯಸ ಬಕೆಟು ಬಕೆಟಾಗಿ ಅವನ ಎದುರಿನಿಂದಲೇ ಹಾದುಹೋಯಿತು. ಉಂಡೆದ್ದವರು ಒಬ್ಬೊಬ್ಬರೇ ಕೈ ನೆಕ್ಕುತ್ತ ಬಂದು, ಇನ್ನೊಂದು ಕೈಯಿಂದ ಆತನ ಬೋಳುತಲೆ ಸವರಿ, "ಒಂದೇ ಕೆಜಿ ಅಲ್ದ, ಛಲ ಬಿಡಡ" ಎಂದು ಧೈರ್ಯ ಹೇಳಿದರು. ಆ ಮಧ್ಯಾಹ್ನ ನಮ್ಮೂರಿನಲ್ಲಿ ತೂಕ ಏರದೆ ಉಳಿದವನು ವಿಶ್ವೇಶ್ವರ ಹೆಗಡೆ ಒಬ್ಬನೇ.

ಕೊನೆಯ ಪಂಕ್ತಿ ಎದ್ದ ಮೇಲೆ ಮಧುರಾ ಬಂದು ಪಕ್ಕದಲ್ಲಿ ಕೂತಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಉಂಡ್ಯಾ?" ಎಂದು ಕೇಳಿದ ಹೆಗಡೆ.

"ಹೂಂ."

"ಪಾಯಸ?"

"ಎರಡು ಸಲ ಹಾಕ್ಸ್ಗಂಡೆ."

ಹೆಗಡೆ ಮಜ್ಜಿಗೆಯ ಲೋಟವನ್ನೇ ನೋಡುತ್ತ ಕೂತ. ಮಧುರಾ ಅವನ ಮುಖ ನೋಡಿದಳು. ಅತ್ತಿತ್ತ ನೋಡಿ, ಯಾರಿಗೂ ಕೇಳದ ಹಾಗೆ ಹತ್ತಿರ ಬಾಗಿದಳು.

"ಸೀ ಜಾಸ್ತಿ ಆಗಿತ್ತು" ಎಂದಳು. "ನಿಂಗಕ್ಕೆ ಸೇರ್ತಿತ್ತಿಲ್ಲೆ."